ಬಾಗಿಲಿಗೆ ಬಂದ ಮಹಾಸಂಖ್ಯೆ

ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಬೀಗದ ಕೈ ಹುಡುಕುವ ಹಾಗಿಲ್ಲ ಎಂದು ಗಣಿತದ ಮೇಷ್ಟ್ರು ಘೋಷಿಸಿದ್ದು, ಗುಂಡಿ ಒತ್ತಿ ತೆಗೆಯುವ ಹೊಸ ಬೀಗ ಬಂದ ದಿನ. ತನ್ನ ತಂಗಿಯ ಫೋನ್ ನಂಬರಿನ ಕೊನೆಯ ಆರು ಅಂಕಿ ಇಡೋಣ ಎಂದ ಹೆಂಡತಿಯನ್ನು ನೋಡಿ ಅವರು ಮರುಕದಿಂದ ನಕ್ಕು, 142857 ಎಂದು ಇಟ್ಟರು.

"ಇದು ಸಂಖ್ಯೆಗಳ ರಾಜ ಕಣೇ. ಎರಡರಿಂದ ಗುಣಿಸು, 285714. ಮೂರರಿಂದ ಗುಣಿಸು, 428571. ಆರರವರೆಗೂ ಅವೇ ಅಂಕಿ, ಅದೇ ಸುತ್ತು, ಶುರುವಾಗೋ ಜಾಗ ಮಾತ್ರ ಬೇರೆ. ಸತ್ತರೂ ಮರೆಯಲ್ಲ."

"ಏಳರಿಂದ ಗುಣಿಸಿದ್ರೆ?" ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದಳು.

"ಬರೀ ಒಂಬತ್ತು, ಆರು ಸಲ. ಅಲ್ಲಿಗೆ ರಾಜನ ಮರ್ಯಾದೆ ಹೋಯ್ತು. ಅದನ್ನ ಬಿಡು."

ಎರಡು ವಾರ ಬೀಗ ಹೇಳಿದ ಮಾತು ಕೇಳಿಕೊಂಡಿತ್ತು. ಆಮೇಲೆ ಬಂತು ಆ ಭಾನುವಾರ. ಸಂಜೆ ಐದಕ್ಕೆ ಗ್ರಂಥಾಲಯದಲ್ಲಿ ಮೇಷ್ಟ್ರ ಭಾಷಣ. ವಿಷಯ ಸಾಕ್ಷಾತ್ 142857! ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಮೇಲೆ ಸಿದ್ಧವಾಗಿತ್ತು. ನಾಲ್ಕು ಗಂಟೆಗೆ ಅವರು ತೂತು ಬನಿಯನ್ನಿನಲ್ಲೇ ಕಸದ ಚೀಲ ಹಿಡಿದು ಹೊರಗೆ ಬಂದರು. ಹಿಂದೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ನರ್ಸ್ ಆಗಿದ್ದ ಹೆಂಡತಿ ಆಸ್ಪತ್ರೆಯಲ್ಲಿ, ಫೋನ್ ಒಳಗೆ. ಆದರೂ ಮೇಷ್ಟ್ರು ಅಳುಕಲಿಲ್ಲ. ಠೀವಿಯಿಂದ ಮಹಾಸಂಖ್ಯೆಯನ್ನು ಒತ್ತಿದರು. ಕೆಂಪು ದೀಪ ಹೊತ್ತಿತು.

ವಾರಕ್ಕೊಮ್ಮೆ ಸಂಖ್ಯೆಯನ್ನು ಗುಣಿಸಿ ಬದಲಾಯಿಸುವ ಯೋಜನೆಯೊಂದು ಅವರ ತಲೆಯಲ್ಲಿತ್ತು. ಬದಲಾಯಿಸಿಯೇ ಬಿಟ್ಟಿರಬೇಕು ಎಂದುಕೊಂಡು ಎರಡರಿಂದ, ಮೂರರಿಂದ ಗುಣಿಸಿ ಒತ್ತಿದರು. ಬೀಗ ಬೀದಿಗೆಲ್ಲ ಕೇಳುವಂತೆ ಕಿರುಚಿ, ಕಾಲು ಗಂಟೆ ಮುಷ್ಕರ ಹೂಡಿತು. ಎದುರಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಬಂದು, ಮನೆಯವರಿಗೆ ಒಂದು ಫೋನ್ ಮಾಡಿ ಎಂದು ತನ್ನ ಫೋನನ್ನೇ ಚಾಚಿದ.

"ಗಣಿತಕ್ಕೆ ಫೋನ್ ಬೇಕಿಲ್ಲ," ಎಂದರು ಮೇಷ್ಟ್ರು, ಬನಿಯನ್ನಿನ ತೂತಿನ ಮೇಲೆ ಕೈಯಿಟ್ಟುಕೊಂಡು.

ಬೀಗದ ಸಿಟ್ಟು ಇಳಿದ ಮೇಲೆ ನಾಲ್ಕು, ಐದು, ಆರು. ಮತ್ತೆ ಕಿರುಚಾಟ, ಮತ್ತೆ ಮುಷ್ಕರ. ರಾಜನ ವಂಶವೇ ಮುಗಿದುಹೋಗಿತ್ತು. ಭಾಷಣಕ್ಕೆ ಅರ್ಧ ಗಂಟೆ ಮಾತ್ರ ಉಳಿದಿತ್ತು. ಮೇಷ್ಟ್ರು ಬೆವರೊರೆಸಿಕೊಂಡು ದರ್ಜಿಯ ಫೋನಿಗೆ ಕೈಚಾಚಿದರು.

"ಬೀಗ ಕೆಟ್ಟಿದೆ ಕಣೇ. ಆರೂ ಥರ ಒತ್ತಿ ನೋಡ್ದೆ."

"ಕೆಟ್ಟಿಲ್ಲ ರೀ. ಸಂತೆಯಿಂದ ಬಂದಾಗ ಎರಡೂ ಕೈಲಿ ಚೀಲ ಇರುತ್ತೆ, ಮೊಣಕೈಲಿ ಒತ್ತೋ ಹಾಗಿರಲಿ ಅಂತ ಬೆಳಗ್ಗೆ ನಾನೇ ನಂಬರ್ ಬದಲಾಯಿಸಿದೆ. ತಿಂಡಿ ತಿನ್ನುವಾಗ ಹೇಳಿದ್ನಲ್ಲ. ನೀವು ಭಾಷಣ ಒಪ್ಪಿಸ್ತಾ ಹೂಂ ಅಂದ್ರಿ."

"ಏನಿಟ್ಟಿದ್ದೀಯ ಈಗ?" ಮೇಷ್ಟ್ರ ದನಿ ಸಣ್ಣಗಾಗಿತ್ತು.

"ನೀವು ಬಿಡು ಅಂದ್ರಲ್ಲ, ಅದೇ. ಏಳರಿಂದ ಗುಣಿಸಿ."

ಮುಷ್ಕರ ಮುಗಿಯುವವರೆಗೆ ಕಾದು, ಮೇಷ್ಟ್ರು ಒಂದೇ ಗುಂಡಿಯನ್ನು ಆರು ಸಲ ಒತ್ತಿದರು. ಬಾಗಿಲು ತೆರೆಯಿತು. ಫೋನಿನಲ್ಲಿ ಹೆಂಡತಿ ಇನ್ನೂ ಇದ್ದಳು.

"ರಾಜನ ಮರ್ಯಾದೆ ಹೋದ್ರೆ ಹೋಗ್ಲಿ ಬಿಡಿ. ನೀವು ಮೊದಲು ಅಂಗಿ ಹಾಕ್ಕೊಳ್ಳಿ."