ತೆಳು ಆಯಿಲ್, ಮಂದ ಆಯಿಲ್ ಮತ್ತು ನಾನು

ಸಲಹೆ ಕೇಳುವುದೂ ಒಂದು ಚಟವೇ. ಒಬ್ಬರನ್ನು ಕೇಳಿ ಸುಮ್ಮನಾದರೆ ಹೇಗೋ ಬದುಕಬಹುದು. ನಾನು ಇಬ್ಬರನ್ನು ಕೇಳುತ್ತೇನೆ. ಇಬ್ಬರೂ ಬೇರೆ ಬೇರೆ ಹೇಳುತ್ತಾರೆ. ಯಾರ ಮನಸ್ಸೂ ನೋಯಬಾರದೆಂದು ನಡುವಿನದೊಂದು ದಾರಿ ಹಿಡಿದು, ಕೊನೆಗೆ ಇಬ್ಬರಿಂದಲೂ ಬೈಸಿಕೊಳ್ಳುತ್ತೇನೆ. ಕಲಬುರಗಿಯ ಕೋಟನೂರಿನಲ್ಲಿ ಮನೆ ಕಟ್ಟಿಸುವಾಗ ಬಾಗಿಲು ಪೂರ್ವಕ್ಕಿರಲಿ ಎಂದರು ಅಪ್ಪ, ಉತ್ತರಕ್ಕಿರಲಿ ಎಂದರು ಮಾವನವರು. ನಾನು ಎರಡೂ ಕಡೆ ಇಡಿಸಿದೆ. ಈಗ ನಮ್ಮ ಪಡಸಾಲೆಯಲ್ಲಿ ಅಲಮಾರಿ ಇಡಲು ಗೋಡೆಯೇ ಇಲ್ಲ.

ನಾನು ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕೋಟನೂರಿನಿಂದ ಹೊರಟು, ಊರೊಳಗಿನ ಸಿಗ್ನಲ್ಲುಗಳಿಗೆಲ್ಲ ಹಾಜರಿ ಹಾಕಿ, ಕಪನೂರ ಹಾಯ್ದು, ಮಹಾಗಾಂವ ಕ್ರಾಸ್ ಕಳೆದು ದಿನವೂ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಸೊಂಟ ನೋಯುತ್ತಿತ್ತು, ಕಣ್ಣಿಗೆ ಧೂಳು ಬೀಳುತ್ತಿತ್ತು. ಆದರೂ ಇಡೀ ದಿನದಲ್ಲಿ ಯಾರೂ ನನ್ನನ್ನು ‘ಸರ್’ ಎಂದಾಗಲಿ ‘ರೀ’ ಎಂದಾಗಲಿ ಕರೆಯದ ಹೊತ್ತು ಅದೊಂದೇ. ಹಿಂದೆ ಬರುವ ಲಾರಿಯವರು ಮಾತ್ರ ಸುಮ್ಮಸುಮ್ಮನೆ ಹಾರ್ನ್ ಹೊಡೆದು, ದಾಟಿ ಹೋಗುವಾಗ ಕೈ ಬೀಸಿ ಏನೋ ಬೈಯುತ್ತಿದ್ದರು. ಈಗಿನ ಜನಕ್ಕೆ ತಾಳ್ಮೆಯೇ ಇಲ್ಲ ಎಂದುಕೊಂಡು ನಾನು ಅವರನ್ನು ಕ್ಷಮಿಸುತ್ತಿದ್ದೆ.

ಈ ನೆಮ್ಮದಿಗೆ ಕುತ್ತು ಬಂದದ್ದು ಮೈಲೇಜಿನಿಂದ. ಐವತ್ತರ ಮೇಲೆ ಕೊಡುತ್ತಿದ್ದ ಗಾಡಿ ನಲವತ್ತಕ್ಕೆ ಇಳಿಯಿತು. ಹೆಂಡತಿ ಶಾಂತಾ ಒಂದು ದಿನ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು. “ಯುಗಾದಿ ತನಕ ನೋಡ್ತೀನ್ರಿ. ಅಷ್ಟರಾಗ ಸುಧಾರಿಸಲಿಲ್ಲಂದ್ರ ಗಾಡಿ ಮಾರಿ ಬಸ್ ಪಾಸ್ ಮಾಡಸ್ರಿ. ಉಳಿದ ಮಾಸ್ತರ್ರೆಲ್ಲ ಬಸ್ಸಿನಾಗ ಹೋಗಂಗಿಲ್ಲೇನು?” ಮಹಾಗಾಂವದಲ್ಲಿರುವ ಅವಳ ತಮ್ಮ ಬಸವರಾಜನಿಗೆ ಹೊಲಕ್ಕೆ ಓಡಾಡಲು ಒಂದು ಗಾಡಿ ಬೇಕಿತ್ತು. ಅವನೂ ನನ್ನದನ್ನು ನೋಡಿ, “ಬ್ಯಾಡ ಅಕ್ಕ, ಇದು ಭಾಳ ಪೆಟ್ರೋಲ್ ಕುಡೀತದ” ಎಂದುಬಿಟ್ಟ. ನನಗೆ ಅವಮಾನವೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು.

ದೋಷ ಇಂಜಿನ್ ಆಯಿಲ್‌ನದೇ ಎಂದು ತೀರ್ಮಾನಿಸಿ ನಾನು ಎಂದಿನಂತೆ ಇಬ್ಬರನ್ನು ಕೇಳಿದೆ. ಕಪನೂರಿನ ಮೆಕ್ಯಾನಿಕ್ ಖಾಜಾ ಭಾಯಿ ಹೇಳಿದ: “ಸರ್, ನಮ್ಮ ಕಡಿ ಬಿಸಲಿಗಿ ಇಪ್ಪತ್ತು-ಐವತ್ತು ನಂಬರಿನ ಮಂದ ಆಯಿಲ್ಲೇ ಬೇಕು. ತೆಳ್ಳಂದು ಹಾಕಿದ್ರ ಕಾದು ನೀರಾಗ್ತದ, ಇಂಜಿನ್ ಸವೀತದ.” ನಮ್ಮ ಶಾಲೆಯ ಗಣಿತದ ಮಾಸ್ತರರು ಅದನ್ನು ಒಪ್ಪಲಿಲ್ಲ. “ಗಾಡಿ ಪುಸ್ತಕದಾಗ ಹತ್ತು-ಮೂವತ್ತು ಅಂತ ಬರದಾರ. ಗಟ್ಟಿ ಆಯಿಲ್‌ನಾಗ ಇಂಜಿನ್ ತಿರುಗಲಿಕ್ಕೇ ಅರ್ಧ ಶಕ್ತಿ ಹೋಗ್ತದ. ತೆಳ್ಳಂದು ಹಾಕ್ರಿ, ಮೈಲೇಜ್ ತಾನೇ ಬರ್ತದ.” ಡಬ್ಬಿಯ ಮೇಲಿನ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಕಾವಿನಲ್ಲಿ ಹೇಗೆ ನಿಲ್ಲುತ್ತದೆ ಎನ್ನುವುದಕ್ಕೆ. ಕಲಬುರಗಿಯವರಿಗೆ ಮೊದಲ ಅಂಕಿ ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ಹಾಗೆ ನೋಡಿದರೆ ಇದೆಲ್ಲ ನನ್ನದೇ ವಿಷಯ. ಸ್ನಿಗ್ಧತೆಯ ಪಾಠಕ್ಕೆಂದು ನಾನು ಪ್ರತಿ ವರ್ಷ ಗಾಜಿನ ಹಲಗೆಯ ಮೇಲೆ ನೀರನ್ನೂ ಜೇನುತುಪ್ಪವನ್ನೂ ಹರಿಯಬಿಡುತ್ತೇನೆ. ಪಾಠ ಮುಗಿಯುವಷ್ಟರಲ್ಲಿ ಮಕ್ಕಳು ಹಲಗೆ ನೆಕ್ಕಿರುತ್ತಾರೆ. ಅದರಾಚೆ ಅವರಿಗೂ ನನಗೂ ಹೆಚ್ಚೇನೂ ದಕ್ಕಿಲ್ಲ.

ಪೇಪರು ತಿದ್ದುವಾಗ ಇಬ್ಬರು ಬೇರೆ ಬೇರೆ ಅಂಕ ಕೊಟ್ಟರೆ ನಾವು ಸರಾಸರಿ ತೆಗೆಯುತ್ತೇವೆ. ಎಷ್ಟೋ ವರ್ಷ ಅದನ್ನೇ ಮಾಡಿದ ಕೈ ಇದು. ಒಂದು ಭಾನುವಾರ ಎರಡೂ ಡಬ್ಬಿ ತಂದು, ಅಂಗಳದಲ್ಲಿ ಕುಳಿತು, ಹಳೆಯ ಆಯಿಲ್ ಇಳಿಸಿ, ಅಳತೆ ಮಾಡಿ ಅರ್ಧರ್ಧ ಸುರಿದೆ. ಹದಿನೈದು-ನಲವತ್ತು. ಗಣಿತದಲ್ಲಿ ತಪ್ಪಿರಲಿಲ್ಲ. ಗಾಡಿ ಮಾತ್ರ ಮೊದಲಿಗಿಂತ ಭಾರವಾಗಿ ಓಡಿತು.

ಯುಗಾದಿಗೆ ಹದಿನೈದು ದಿನ ಉಳಿದಾಗ ಗಾಬರಿಯಾಗಿ ಖಾಜಾ ಭಾಯಿಯ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವನು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. “ಹದಿನೈದು-ನಲವತ್ತು ಲಾರಿಗಿ ಹಾಕ್ತಾರ್ರಿ ಸರ್” ಎಂದು ಮೆಲ್ಲಗೆ ಹೇಳಿ ನನ್ನ ಸರಾಸರಿಯನ್ನೆಲ್ಲ ತಗಡಿನ ಡಬ್ಬಕ್ಕೆ ಇಳಿಸಿದ. ಬೇಸತ್ತೋ ಏನೋ, ಪುಸ್ತಕದಲ್ಲಿದ್ದ ಹತ್ತು-ಮೂವತ್ತನ್ನೇ ತುಂಬಿಸಿದ. ಆಮೇಲೆ ಹಿಂದಿನ ಗಾಲಿಯ ಬ್ರೇಕ್ ಡ್ರಮ್ಮಿಗೆ ಬೆರಳು ತಾಗಿಸಿ, ಸುಟ್ಟಂತಾಗಿ ಥಟ್ಟನೆ ಹಿಂದಕ್ಕೆಳೆದುಕೊಂಡ.

“ಸರ್, ನೀವು ಇಲ್ಲಿಂದ ಹಾಯ್ದು ಹೋಗೋದು ದಿನಾ ನೋಡ್ತೀನಿ. ಹಿಂದಿನ ಕೆಂಪ್ ಲೈಟ್ ಆರೋದೇ ಇಲ್ಲ. ವೈರ್ ಕೂಡ್ಯಾವ ಅಂದ್ಕೊಂಡಿದ್ದೆ. ನೀವು ಬ್ರೇಕ್ ಮ್ಯಾಲ ಕಾಲಿಟ್ಟೇ ಗಾಡಿ ಹೊಡೀತೀರಿ. ಇನ್ನ ಬಂಗಾರ ಕರಗಿಸಿ ಹಾಕಿದ್ರೂ ಮೈಲೇಜ್ ಬರಂಗಿಲ್ಲ.”

ಹಿಂದೊಮ್ಮೆ ಮಹಾಗಾಂವ ಕ್ರಾಸಿನಲ್ಲಿ ಎಮ್ಮೆಯೊಂದು ಅಡ್ಡ ಬಂದಿತ್ತು. ಎಮ್ಮೆ ಅಂದೇ ದಾಟಿ ಹೋಯಿತು, ನನ್ನ ಬಲಗಾಲು ಮಾತ್ರ ಬ್ರೇಕಿನ ಮೇಲೇ ಉಳಿಯಿತು. ಉಜ್ಜಿದರೆ ಶಾಖ ಹುಟ್ಟುತ್ತದೆ ಎಂದು ಅಂಗೈ ಉಜ್ಜಿಸಿ ಪಾಠ ಮಾಡುವವನು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮನಸ್ಸು ಗಟ್ಟಿ ಮಾಡಿ ಕಾಲು ಎತ್ತಿದೆ. ಲಾರಿಯವರು ಸುಮ್ಮನಾದರು. ಹತ್ತು ದಿನದಲ್ಲಿ ಮೈಲೇಜು ಐವತ್ತು ದಾಟಿತು. ಹಿಗ್ಗಿನಿಂದ ಶಾಂತಾಳ ಮುಂದೆ ಹೇಳಿಕೊಂಡೆ. ಅವಳೂ ಹಿಗ್ಗಿನಿಂದ ತಮ್ಮನಿಗೆ ಫೋನ್ ಮಾಡಿದಳು. ಯುಗಾದಿಗೆ ಬಂದ ಬಸವರಾಜ ಬೇವಿನ ಪಾನಕ ಕುಡಿದು, ಒಂದು ಸುತ್ತು ಓಡಿಸಿ ಬಂದು, “ಮಾವ, ಗಾಡಿ ಹೊಸಾದು ಆದಂಗ ಆಗ್ಯಾದಲ್ರಿ. ಈಗ ನಾನೇ ಒಯ್ತೀನಿ” ಎಂದ. “ಮನಿ ಗಾಡಿ ಮನ್ಯಾಗೇ ಉಳೀತದ. ನಿಮ್ಮ ಸೊಂಟಕ್ಕೂ ಆರಾಮಲ್ರಿ” ಎಂದಳು ಶಾಂತಾ. ಆಗಲೇ ಒಲ್ಲೆ ಎನ್ನಬೇಕಿತ್ತು. ನಾನು ಮತ್ತೆ ಇಬ್ಬರನ್ನು ಕೇಳಿದೆ. ಗಣಿತದ ಮಾಸ್ತರರು ಕೊಡಬೇಡಿ ಎಂದರು, ಖಾಜಾ ಭಾಯಿ ಕೊಟ್ಟುಬಿಡಿ ಎಂದ. ವಾರದಲ್ಲಿ ಮೂರು ದಿನ ಬಸವರಾಜನಿಗೆ, ಮೂರು ದಿನ ನನಗೆ ಎಂದು ಗೊತ್ತು ಮಾಡಿದೆ.

ಮೊದಲ ಮೂರು ದಿನಕ್ಕೆಂದು ಮಹಾಗಾಂವಕ್ಕೆ ಹೋದ ಗಾಡಿ ಇನ್ನೂ ಬಂದಿಲ್ಲ. ಈಗ ನಾನು ಬಸ್ಸಿನಲ್ಲಿ ಹೋಗುತ್ತೇನೆ. ನಿನ್ನೆ ಕ್ರಾಸಿನ ಹತ್ತಿರ ಬಸವರಾಜ ಮುಂದೆ ಹೋಗುತ್ತಿರುವುದು ಕಂಡಿತು. ಹಿಂದೆ ಮೇವಿನ ಹೊರೆ, ಅದರ ಕೆಳಗೆ ಆರಿದ ಕೆಂಪು ದೀಪ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತ ಮುದುಕರು ನನ್ನ ಮೊಣಕೈ ಮುಟ್ಟಿದರು.

“ಸರ್, ಜರಾ ಬಲಗಾಲು ತಗೀರಿ. ಕಪನೂರ ಬಿಟ್ಟಾಗಿಂದ ನನ್ನ ಪಾದ ಒತ್ತಲಾಕತ್ತೀರಿ.”