ಪ್ಲೇಆಫ್ ಸಮಿತಿಯವರಿಗೆ, ನನ್ನ ಹೀರೆಚಪ್ಪರದ ಸಂಬಂಧ

ಮಾನ್ಯರೇ,

ವೃತ್ತಿಪರ ಫುಟ್‌ಬಾಲ್ ಲೀಗಿನ ಪ್ಲೇಆಫ್ ಸಮಿತಿಯ ಅಧ್ಯಕ್ಷರಿಗೂ ಸದಸ್ಯರಿಗೂ, ಹೊಳೆನರಸೀಪುರ ತಾಲ್ಲೂಕು ಹಳ್ಳಿಮೈಸೂರಿನಿಂದ ದಿನವೂ ಹಾಸನಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳಿ ಬರುವ ಗೌರೀಶಂಕರನು ಮಾಡುವ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ನನ್ನ ಹಿತ್ತಲಿನ ಹೀರೆಚಪ್ಪರ ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ತಮ್ಮ ಘನ ಸಮಿತಿಯೇ ಕಾರಣವೆಂದು ಅರಿಕೆ ಮಾಡಿಕೊಳ್ಳುವುದು ಈ ಪತ್ರದ ಉದ್ದೇಶ.

ವಿಷಯ ಹೀಗಿದೆ. ನನ್ನ ಪಕ್ಕದ ಮನೆಯವರು ದೊಡ್ಡಬೀರಯ್ಯ. ಇವರ ಅಕ್ಕನ ಮೊಮ್ಮಗ, ಚನ್ನರಾಯಪಟ್ಟಣದ ಕೀರ್ತಿರಾಜ್, ತಮ್ಮ ಲೀಗಿನ ಕಾವೇರಿ ರೋವರ್ಸ್ ತಂಡದ ಗೋಲ್‌ಕೀಪರ್. ಹುಡುಗನ ತಂಡ ಕಪ್ ಗೆದ್ದರೆ ಹೊಲದ ಬದಿಯ ಅಮ್ಮನಿಗೆ ಟಗರು ಒಪ್ಪಿಸುತ್ತೇನೆಂದು ದೊಡ್ಡಬೀರಯ್ಯನವರು ಲೀಗ್ ಶುರುವಾದ ದಿನವೇ ಹರಕೆ ಹೊತ್ತರು. ಮನೆಯಲ್ಲಿದ್ದದ್ದು ಒಂದೇ ಟಗರು. ಹೆಸರು ಕೆಂಚ. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವರು ಅವರ ಹೆಂಡತಿ ಕೃಷ್ಣಮ್ಮ. ಹರಕೆ ಹೊರುವಾಗ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ರೋವರ್ಸ್ ತಂಡ ಎಲ್ಲರನ್ನೂ ಸೋಲಿಸಿ ಅಂಕಪಟ್ಟಿಯ ತುದಿಯಲ್ಲಿ ನಿಂತ ಸಂಜೆ, ದೊಡ್ಡಬೀರಯ್ಯನವರು ಟೀವಿ ಆರಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು ಕೆಂಚನ ಹಗ್ಗ ಬಿಚ್ಚಲು ಕೊಟ್ಟಿಗೆಗೆ ನಡೆದರು. ಕೃಷ್ಣಮ್ಮ ಬಾಗಿಲಿಗೆ ಅಡ್ಡ ನಿಂತು, "ಕಪ್ ಎಲ್ಲೈತೆ? ತೋರ್ಸು ಮದ್ಲು. ಅದೇನೋ ಪ್ಲೇಆಫ್ ಅಂತ ಇನ್ನೂ ಬಾಕಿ ಐತಂತೆ, ಬೇಕಾರೆ ಮೇಷ್ಟ್ರುನ್ನ ಕೇಳು" ಎಂದರು. ಹೀಗೆ ತಮ್ಮ ನಿಯಮಾವಳಿಯನ್ನು ಬೇಲಿಯ ಈಚೆಯಿಂದ ವಿವರಿಸುವ ಗೌರವ ನನ್ನ ಪಾಲಿಗೆ ಬಂತು. ಮೊದಲೆರಡು ತಂಡಗಳು ನೇರ ಸೆಮಿಫೈನಲ್ಲಿಗೆ ಹೋಗುತ್ತವೆ, ಆಮೇಲಿನ ನಾಲ್ಕು ತಂಡಗಳು ತಮ್ಮಲ್ಲೇ ಹೊಡೆದಾಡಿ ಉಳಿದವರು ಬಂದು ಸೇರುತ್ತಾರೆ, ಅಲ್ಲಿ ಎರಡು ಪಂದ್ಯದ ಗೋಲು ಕೂಡಿಸಿ ಸೋತವನು ಮನೆಗೆ, ಗೆದ್ದವನು ಫೈನಲ್ಲಿಗೆ ಎಂದು ತಿಳಿಸಿದೆ. ದೊಡ್ಡಬೀರಯ್ಯನವರು ಹೆಗಲ ಟವೆಲ್ ತೆಗೆದು ಬೇಲಿಯ ಮೇಲೆ ಹಾಕಿ, "ಅಲ್ಲಾ ಸಾ, ನಿಮ್ ಕಾಲೇಜಲ್ಲಿ ಫಸ್ಟ್ ಬಂದೋನ್ನ ಆರ್ನೇವ್ನ ಜೊತೆ ಇನ್ನೊಂದು ಪರೀಕ್ಷೆಗೆ ಕೂರುಸ್ತೀರಾ?" ಎಂದು ಕೇಳಿದರು. ಇದಕ್ಕೆ ತಮ್ಮಲ್ಲಿ ಉತ್ತರವಿದ್ದರೆ ದಯಮಾಡಿ ಅವರ ವಿಳಾಸಕ್ಕೇ ಬರೆಯಬೇಕು.

ಅಷ್ಟು ತಿಂಗಳು ಬಿಸಿಲಲ್ಲಿ ಓಡಿ ಗಳಿಸಿದ್ದನ್ನೆಲ್ಲ ಒಂದು ಸಂಜೆಯ ಕೈಗೆ ಕೊಟ್ಟುಬಿಡುವ ತಮ್ಮ ಏರ್ಪಾಡನ್ನು ನಾನು ಅನ್ಯಾಯ ಎನ್ನಲಾರೆ. ನಡುವಯಸ್ಸಿನವನಿಗೆ ಅದು ಅಪರಿಚಿತವೂ ಅಲ್ಲ. ನನ್ನ ತಕರಾರು ಅದರ ನಿಧಾನದ ಬಗ್ಗೆ. ಪಂದ್ಯಕ್ಕೂ ಪಂದ್ಯಕ್ಕೂ ನಡುವೆ ತಾವು ಆಟಗಾರರ ವಿಶ್ರಾಂತಿಗೆಂದು ಉದಾರವಾಗಿ ಬಿಟ್ಟ ಬಿಡುವಿನಲ್ಲಿ, ನನ್ನ ಕಣ್ಣೆದುರೇ, ಬೇಲಿಯ ಆಚೆ ಇನ್ನೊಂದು ತಾಲೀಮು ನಡೆಯುತ್ತಿತ್ತು.

ದಿನಾ ಬೆಳಗ್ಗೆ ಕೃಷ್ಣಮ್ಮ ನಲ್ಲಿಯ ಹತ್ತಿರ ಕೆಂಚನನ್ನು ನಿಲ್ಲಿಸಿ ಅವನ ಬೆನ್ನಿಗೆ ಒಂದು ಚೆಂಬು ನೀರು ಸುರಿಯುವರು. ಕೆಂಚ ಮೈ ಕೊಡವಿದಾಗೆಲ್ಲ ನೀರು ಬೇಲಿ ದಾಟಿ ನನ್ನ ದಿನಪತ್ರಿಕೆಯನ್ನು ತೋಯಿಸುತ್ತಿತ್ತು. ಕೊಡವಿದರೆ ಮೂಗಿನ ಮೇಲೊಂದು ಮೆಲ್ಲನೆಯ ಏಟು, ಸುಮ್ಮನೆ ನಿಂತರೆ ಬೆಲ್ಲದ ಚೂರು. ನಾನು ಇದನ್ನು ಬೇಸಿಗೆಯ ಉಪಚಾರವೆಂದುಕೊಂಡೆ. ಸೆಮಿಫೈನಲ್ಲಿನ ಮೊದಲ ಪಂದ್ಯದಲ್ಲಿ ರೋವರ್ಸ್ ಒಂದು ಗೋಲಿನಿಂದ ಸೋತಾಗ ದೊಡ್ಡಬೀರಯ್ಯನವರು ಊಟ ಬಿಟ್ಟರು. ಕೃಷ್ಣಮ್ಮನಾದರೂ ಹಿಗ್ಗಿರಬೇಕೆಂದು ನೋಡಿದರೆ ಅವರೂ ಸಪ್ಪಗಿದ್ದರು. "ಗೆಲ್ಲಬಾರ್ದು ಅಂತ ಎಂಗೆ ಕೇಳ್ಕಳ್ಳಾದು ಮೇಷ್ಟ್ರೇ, ಎತ್ತಾಡ್ಸಿದ್ ಕೂಸು ಅದು. ಅದೂ ಗೆಲ್ಲಿ, ಇದೂ ಉಳೀಲಿ" ಎಂದರು. ಇಂಥ ಕೋರಿಕೆಗೆ ಯಾವ ಸಮಿತಿಯ ನಿಯಮಾವಳಿಯಲ್ಲೂ ಜಾಗವಿಲ್ಲವೆಂದು ನನಗೆ ಗೊತ್ತಿತ್ತು. ಎರಡನೆಯ ಪಂದ್ಯದಲ್ಲಿ ರೋವರ್ಸ್ ಎರಡು ಗೋಲಿನಿಂದ ಗೆದ್ದು ಫೈನಲ್ ತಲುಪಿತು. ಆ ವಾರದಿಂದ ನನ್ನ ಪತ್ರಿಕೆ ಒಣಗಿಯೇ ಇರತೊಡಗಿತು.

ಫೈನಲ್ ಸಮವಾಗಿ, ಹೆಚ್ಚುವರಿ ಸಮಯವೂ ಸಮವಾಗಿ, ಪೆನಾಲ್ಟಿಗೆ ಹೋದದ್ದು ತಮಗೆ ತಿಳಿದದ್ದೇ. ಕೊನೆಯ ಒದೆತವನ್ನು ಕೀರ್ತಿರಾಜ್ ಎಡಕ್ಕೆ ಹಾರಿ ತಡೆದ. ದೊಡ್ಡಬೀರಯ್ಯನವರು ಟೀವಿಗೆ ಕೈ ಮುಗಿದರು, ಆಮೇಲೆ ಹೆಂಡತಿಯ ಮುಖ ನೋಡಿ ಕೈ ಇಳಿಸಿದರು.

ಮಂಗಳವಾರ ಕೆಂಚನಿಗೆ ಅರಿಶಿನ ಹಚ್ಚಿ, ಹೂವಿನ ಸರ ಹಾಕಿ, ಅಮ್ಮನ ಮುಂದೆ ನಿಲ್ಲಿಸಿದರು. ಅರಕಲಗೂಡಿನಿಂದ ಕತ್ತಿಯವನು ಬಂದಿದ್ದ. ತಮ್ಮ ಸಮಿತಿಗೆ ತಿಳಿದಿರಲಿಕ್ಕಿಲ್ಲ, ನಮ್ಮಲ್ಲಿ ಇದಕ್ಕೂ ಒಂದು ನಿಯಮವಿದೆ: ತೀರ್ಥ ಹಾಕಿದಾಗ ಟಗರು ಮೈ ಕೊಡವಬೇಕು, ಕೊಡವಿದರೆ ಅಮ್ಮ ಒಪ್ಪಿದಳೆಂದು ಅರ್ಥ, ಅಲ್ಲಿಯವರೆಗೆ ಕತ್ತಿ ಏಳುವಂತಿಲ್ಲ. ಪೂಜಾರಪ್ಪ ತೀರ್ಥ ಚಿಮುಕಿಸಿದರು. ಕೆಂಚ ನಿಂತಿದ್ದ. ಚೆಂಬಿನಲ್ಲಿ ಹುಯ್ದರು. ನಿಂತಿದ್ದ. ಬಿಂದಿಗೆಯನ್ನೇ ಬೋರಲು ಹಾಕಿದರು. ಮೂತಿಗೆ ಇಳಿದ ನೀರನ್ನು ನೆಕ್ಕಿಕೊಂಡು, ಬೆಲ್ಲ ಎಲ್ಲಿ ಎಂಬಂತೆ ಸುತ್ತ ನೋಡಿದ. "ಒಸಿ ಅಲ್ಲಾಡ್ಲಾ ಕೆಂಚ, ಒತ್ತಾಯ್ತದೆ" ಎಂದು ಯಾರೋ ಬೇಡಿಕೊಂಡರು. "ನಿಮ್ ಗೋಲ್‌ಕೀಪ್ರಿಗಿಂತ ಇವ್ನೇ ಗಟ್ಟಿ ಕಣ್ಲಾ" ಎಂದು ಕತ್ತಿಯವನು ಬೀಡಿ ಹಚ್ಚಿದ. ಕೃಷ್ಣಮ್ಮ ಸೆರಗಿನ ತುದಿಯ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಅಮ್ಮನನ್ನೇ ನೋಡುತ್ತ ನಿಂತಿದ್ದರು.

ಪೂಜಾರಪ್ಪ ಇನ್ನೊಂದು ಬಿಂದಿಗೆ ತರಿಸುವುದರೊಳಗೆ ದೊಡ್ಡಬೀರಯ್ಯನವರೇ, "ಅಮ್ಮಂಗೆ ಬ್ಯಾಡ್ವಂತೆ ಕಣ್ರಪ್ಪಾ, ಬುಡ್ರಿ" ಎಂದುಬಿಟ್ಟರು. ಆ ಮಾತಿನಲ್ಲಿದ್ದ ಆತುರವನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಬೆಳಗಿನ ಚೆಂಬಿನ ಸದ್ದು ಕೇಳಿಸದಷ್ಟು ದೂರದಲ್ಲೇನೂ ಅವರು ಮಲಗುತ್ತಿರಲಿಲ್ಲ.

ಕಾಯಿ ಒಡೆದು ಕೆಂಚನನ್ನು ಅಮ್ಮನ ಹೆಸರಿನಲ್ಲಿ ಬಿಟ್ಟರು. ಬಿಟ್ಟ ಟಗರನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಬೈಯುವುದೂ ಒಳ್ಳೆಯದಲ್ಲ. ಆತ ಊರನ್ನೆಲ್ಲ ಒಂದು ಸುತ್ತು ಪರಿಶೀಲಿಸಿ ನನ್ನ ಹೀರೆಚಪ್ಪರವನ್ನು ಆರಿಸಿಕೊಂಡಿದ್ದಾನೆ. ದೂರು ಕೊಟ್ಟರೆ ಕೃಷ್ಣಮ್ಮ, "ಅಮ್ಮನ ಟಗರು ಮೇಷ್ಟ್ರೇ, ನೀವೂ ಒಂದೀಟು ಪುಣ್ಯ ಕಟ್ಕಳಿ" ಎನ್ನುತ್ತಾರೆ. ಪುಣ್ಯದಿಂದ ಸಾರು ಮಾಡುವುದು ನನಗೆ ಬಾರದು. ಲೀಗ್ ಅಂಕಪಟ್ಟಿಯಲ್ಲೇ ಮುಗಿದಿದ್ದರೆ ಹೀರೆಕಾಯಿ ಉಳಿಯುತ್ತಿತ್ತು ಎಂಬಷ್ಟನ್ನು ಮಾತ್ರ ತಮ್ಮ ಗಮನಕ್ಕೆ ತರುತ್ತೇನೆ.

ಆದಕಾರಣ, ನನ್ನ ಹೀರೆಚಪ್ಪರವನ್ನು ಪೆನಾಲ್ಟಿ ಆವರಣವೆಂದು ಘೋಷಿಸಿ, ಲೀಗ್ ಇಲ್ಲದ ತಿಂಗಳುಗಳಲ್ಲಿ ಕೀರ್ತಿರಾಜ್‌ನನ್ನು ಅದರ ಮುಂದೆ ನಿಲ್ಲಿಸಬೇಕಾಗಿಯೂ, ಜೊತೆಗೆ ಹಳದಿ ಕಾರ್ಡಿಗೆ ಹೆದರದ ಪ್ರಾಣಿಗಳಿಗೆ ತೋರಿಸತಕ್ಕ ಕಾರ್ಡಿನ ಬಣ್ಣ ಯಾವುದೆಂದು ತಿಳಿಸಬಲ್ಲ ಒಬ್ಬ ರೆಫರಿಯನ್ನು ಕಳಿಸಿಕೊಡಬೇಕಾಗಿಯೂ ಪ್ರಾರ್ಥಿಸುತ್ತೇನೆ.

ಹೀರೆಕಾಯಿ ಇಲ್ಲದೆಯೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗೌರೀಶಂಕರ
ಹಳ್ಳಿಮೈಸೂರು

ಮರೆತ ಮಾತು: ಮುಂದಿನ ಲೀಗಿಗೆ ದೊಡ್ಡಬೀರಯ್ಯನವರು ಆಗಲೇ ಹೊಸ ಹರಕೆ ಹೊತ್ತು ಸಾಲಗಾಮೆಯಿಂದ ಇನ್ನೊಂದು ಮರಿ ತಂದಿದ್ದಾರೆ. ಪ್ಲೇಆಫ್ ಪಂದ್ಯಗಳ ನಡುವಿನ ಬಿಡುವನ್ನು ಇನ್ನೊಂದು ವಾರ ಹಿಗ್ಗಿಸಲು ಸಾಧ್ಯವೇ ಎಂದು ಕೃಷ್ಣಮ್ಮ ಕೇಳುತ್ತಿದ್ದಾರೆ. ಕೋರಿಕೆ ನನಗೂ ಅನುಚಿತವೆನಿಸುವುದಿಲ್ಲ. ನಿನ್ನೆ ಅವರು ಸಂತೆಗೆ ಹೋಗಿದ್ದಾಗ ಮರಿಯ ಬೆನ್ನಿಗೆ ನಾನೇ ಒಂದು ಚೆಂಬು ಸುರಿದು ನೋಡಿದೆ. ಇನ್ನೂ ಕೊಡವುತ್ತದೆ.