ಪೂಜೆಯಿಂದ ಕೆಟ್ಟಿತೆನ್ನಲಾದ ಗೀಸರಿನ ವಿಷಯವಾಗಿ

ಸುಖೋಷ್ಣ ವಾಟರ್ ಹೀಟರ್ ಕಂಪನಿಯ ಗೋರೆಗಾಂವ್ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮಗೂ, ತಮ್ಮ ಕುಟುಂಬದವರಿಗೂ, ದೂರವಾಣಿಯಲ್ಲಿ ನಾನು ಕಾಯುತ್ತಿರುವಾಗಲೆಲ್ಲ ಬೇಸರವಿಲ್ಲದೆ ಕೊಳಲು ನುಡಿಸುವ ತಮ್ಮ ಕಚೇರಿಯ ಆ ಅಜ್ಞಾತ ಕಲಾವಿದರಿಗೂ ವಡಾಲದಿಂದ ದೀಪಾವಳಿಯ ಶುಭಾಶಯಗಳು, ತಡವಾಗಿಯಾದರೂ, ಸಲ್ಲಲಿ. ಇದರ ಇಂಗ್ಲಿಷ್ ಪ್ರತಿಯನ್ನು ತಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಆದರೆ ತಮ್ಮ ವಿಷಯದಲ್ಲಿ ನನಗಿರುವ ಗೌರವವನ್ನು ಪೂರ್ತಿಯಾಗಿ ಹೇಳಲು ಆ ಭಾಷೆಯಲ್ಲಿ ನನಗೆ ಸಾಕಷ್ಟು ಪದಗಳು ಸಿಗಲಿಲ್ಲ.

ಮೊದಲಿಗೆ, ತಮ್ಮ ಪರಿಶೀಲನಾ ವರದಿಯನ್ನು ತಿದ್ದಲು ಅಪ್ಪಣೆ ಬೇಡುತ್ತೇನೆ. ಗ್ರಾಹಕರು ಯಂತ್ರಕ್ಕೆ ಬಣ್ಣ ಬಳಿದು, ತರಕಾರಿ ಕಟ್ಟಿ, ಧಾರ್ಮಿಕ ಚಟುವಟಿಕೆ ನಡೆಸಿದ್ದರಿಂದ ಯಂತ್ರವು ಕೆಟ್ಟಿದೆಯೆಂದೂ, ಹೊದಿಕೆಯನ್ನು ಬಿಚ್ಚಿ ಒಳಗಿನ ಟ್ಯಾಂಕನ್ನು ಪರೀಕ್ಷಿಸಲಾಗಿದೆಯೆಂದೂ, ಆದಕಾರಣ ಗ್ಯಾರಂಟಿ ಅನ್ವಯಿಸದೆಂದೂ ಅದರಲ್ಲಿ ಬರೆದಿದೆ. ಮಾನ್ಯರೇ, ಅದು ಬಣ್ಣವಲ್ಲ, ಸುಣ್ಣ ಮತ್ತು ಕೆಮ್ಮಣ್ಣು. ಅದು ತರಕಾರಿಯೂ ಅಲ್ಲ, ಹಿಂಡಲಕಾಯಿ. ಮನುಷ್ಯರಿರಲಿ, ಆಡು ಕೂಡ ಮೂಸಿ ಮುಂದೆ ಹೋಗುವಷ್ಟು ಕಹಿ. ಇನ್ನು, ಯಂತ್ರವು ತಣ್ಣಗಾದದ್ದು ಬೆಳಿಗ್ಗೆ, ಪೂಜೆ ನಡೆದದ್ದು ಸಂಜೆ. ಕಾರಣವು ಕಾರ್ಯಕ್ಕಿಂತ ಮುಂಚೆ ಬರಬೇಕೆಂಬ ಸಂಗತಿಯನ್ನು ನಾನು ಎಂಟನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ತಮ್ಮ ಕಂಪನಿಯು ಆ ದಿನ ಗೈರುಹಾಜರಾಗಿದ್ದಿರಬೇಕು.

ಕೆಟ್ಟ ಯಂತ್ರಕ್ಕೆ ಪೂಜೆಯೇಕೆ ಎಂದು ತಾವು ಕೇಳಬಹುದು. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸನೀರು ತುಂಬಿ ಆರತಿ ಎತ್ತುವುದು ಪದ್ಧತಿ. ಮುಂಬಯಿಯ ಬಾತ್‌ರೂಮಿನಲ್ಲಿ ಹಂಡೆಯಿಟ್ಟರೆ ಸ್ನಾನ ಮಾಡುವವರು ಹೊರಗೆ ನಿಲ್ಲಬೇಕಾದೀತೆಂದು, ಈ ಊರಿಗೆ ಬಂದಂದಿನಿಂದ ನಾನು ಆ ಗೌರವವನ್ನು ಗೀಸರಿಗೇ ಸಲ್ಲಿಸುತ್ತ ಬಂದಿದ್ದೇನೆ. ಎದುರುಮನೆಯ ವಿಜಯಪುರದ ಕಾಶವ್ವನವರು ಪ್ರತಿವರ್ಷ ಹಿಂಡಲಕಾಯಿಯ ಹಾರ ಪೋಣಿಸಿ ತರುತ್ತಾರೆ. ದುರಸ್ತಿಗೆ ಜನ ಹೊರಟಾಗಿದೆ ಎಂದು ತಮ್ಮ ಕಚೇರಿಯವರು ಬೆಳಗಿನಿಂದ ಹೇಳುತ್ತಲೇ ಇದ್ದರು, ಮುಹೂರ್ತ ಮಾತ್ರ ಕಾಯಲಿಲ್ಲ. ಅಲ್ಲದೆ, ಕೆಲಸ ಮಾಡುವವರಿಗೆ ಮಾತ್ರ ಆರತಿಯೆಂಬ ನಿಯಮವಿದ್ದಿದ್ದರೆ ಈ ನಗರದ ಎಷ್ಟೋ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸತ್ಯನಾರಾಯಣ ಪೂಜೆಯನ್ನು ಎಂದೋ ನಿಲ್ಲಿಸಬೇಕಾಗಿತ್ತು.

ಈ ವರ್ಷ ನನ್ನ ಅವಸರಕ್ಕೆ ಬೇರೊಂದು ಕಾರಣವೂ ಇತ್ತು. ನನ್ನ ಮಗಳು ಧಾತ್ರಿಯ ಮದುವೆಯ ನಂತರದ ಮೊದಲ ದೀಪಾವಳಿ ಇದು. ಅಳಿಯ ಪ್ರೀತಮ್ ವಿಕ್ರೋಳಿಯ ಮರಾಠಿ ಮನೆತನದವರು. ಅವರ ತಾಯಿ, ನನ್ನ ಬೀಗಿತ್ತಿ ಶುಭಾಂಗಿಬಾಯಿ, ಮಗನ ಎಣ್ಣೆಸ್ನಾನವನ್ನು ಕಣ್ಣಾರೆ ನೋಡಲು ಮುನ್ನಾದಿನವೇ ಆಗಮಿಸಿದ್ದರು. ಅವರಲ್ಲಿ ಈ ಹಿಂಡಲಕಾಯಿಯನ್ನು ನರಕಾಸುರನೆಂದು ಬಗೆದು ಎಡಗಾಲಿನಿಂದ ತುಳಿದು ಒಡೆಯುತ್ತಾರಂತೆ. ನಾವು ಅದನ್ನೇ ಹಾರ ಮಾಡಿ ಗೀಸರಿನ ಕೊರಳಿಗೆ ಹಾಕಿದ್ದನ್ನು ಕಂಡು, ರಾಕ್ಷಸನಿಗೆ ಸನ್ಮಾನ ಮಾಡಿದ ಮನೆಯನ್ನು ತಾವು ಇದೇ ಮೊದಲು ನೋಡುತ್ತಿರುವುದಾಗಿ ಅವರು ನಗುನಗುತ್ತಲೇ ಹೇಳಿದರು. ನಾನೂ ನಕ್ಕೆ.

ದೀಪ ಹಚ್ಚುವ ಹೊತ್ತಿಗೆ ತಮ್ಮ ತಂತ್ರಜ್ಞರಾದ ಸಂತು ಅವರು ಬಂದರು. ಅವರ ವಿಷಯದಲ್ಲಿ ನನ್ನ ಮೆಚ್ಚುಗೆಗೆ ಮಿತಿಯಿಲ್ಲ. ಅವರು ಪಾದರಕ್ಷೆಗಳನ್ನು ಬಾಗಿಲಲ್ಲೇ ಬಿಟ್ಟರು, ಬಚ್ಚಲಿನ ಹೊಸ್ತಿಲಲ್ಲಿ ನಿಂತು ಯಂತ್ರಕ್ಕೆ ಕೈಮುಗಿದರು, “ಪೂಜಾ ಆಗಿದೆ ನಾ ಟೀಚರ್, ಆಜ್ ಹೇಗೆ ಖೋಲೋದು” ಎಂದರು, ಬಿಚ್ಚದೆಯೇ ಒಂದು ಫೋಟೋ ತೆಗೆದುಕೊಂಡರು, ಕಾಶವ್ವ ಕೊಟ್ಟ ಚಕ್ಕುಲಿಯನ್ನು ತಿಂದು ಮತ್ತೊಂದನ್ನು ಜೇಬಿಗೆ ಹಾಕಿಕೊಂಡು ಹೊರಟರು. ಅವರ ಕೈಯಲ್ಲಿ ಸ್ಕ್ರೂಡ್ರೈವರ್ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಮುಚ್ಚಿದ ತಗಡಿನಾಚೆಗಿರುವ ಟ್ಯಾಂಕಿನ ಸ್ಥಿತಿಯನ್ನು ಚಕ್ಕುಲಿ ತಿನ್ನುತ್ತಲೇ ಕಂಡುಕೊಂಡ ಆ ದಿವ್ಯದೃಷ್ಟಿಯನ್ನು ತಾವು ಗೀಸರುಗಳಿಗೆ ಸೀಮಿತಗೊಳಿಸಿರುವುದು ಅನ್ಯಾಯ. ನನ್ನ ಎಡಮೊಣಕಾಲಿಗೆ ವೈದ್ಯರು ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ದಯವಿಟ್ಟು ಅವರನ್ನೇ ಕಳುಹಿಸಿಕೊಡಿ.

ಚತುರ್ದಶಿಯ ನಸುಕಿನಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಕುಳಿತ ಅಳಿಯ, ಮುಂದೆ ತಣ್ಣೀರಿನ ಬಕೆಟ್ಟು. “ನಮ್ಮ ವಿಕ್ರೋಳಿಯ ಗೀಸರಿಗೆ ಯಾರೂ ಆರತಿ ಎತ್ತೋದಿಲ್ಲ, ವಿಹೀಣಬಾಯಿ. ಅದಕ್ಕೇ ಪಾಪ, ನಿಯತ್ತಾಗಿ ದುಡೀತದೆ” ಎಂದರು ಬೀಗಿತ್ತಿ, ನನ್ನನ್ನೂ ಮರಾಠಿಯಲ್ಲಿ ಬೀಗಿತ್ತಿಯೆಂದೇ ಕರೆದು. ಅಷ್ಟರಲ್ಲಿ ಕಾಶವ್ವ ತಮ್ಮ ಮನೆಯ ಹೊಗೆಯಾಡುವ ಬಕೆಟ್ಟನ್ನು ಎತ್ತಿ ತಂದು, “ಸರೀರಿ ಅಕ್ಕೋರ, ನಿಮ್ಮ ಅಳಿಯಾ ನಡುಗಿದ್ರ ಇಡೀ ಬಿಲ್ಡಿಂಗಿನ ಮಾನ ಹೋಗ್ತೈತಿ” ಎಂದು ತಾವೇ ಮೊದಲ ತಂಬಿಗೆ ಸುರಿದರು. ಸ್ನಾನವೇನೋ ಆಯಿತು. ಆದರೆ ಮರುವಾರ ತಮ್ಮ ವರದಿ ಬಂದಾಗ, ಪೂಜೆಯಿಂದಲೇ ಯಂತ್ರ ಕೆಟ್ಟಿತೆಂಬ ಮಾತಿಗೆ ಕಂಪನಿಯ ಮುದ್ರೆಯೂ ಬಿದ್ದಿತು, ಮತ್ತು ಅದು ಕುಟುಂಬದ ವಾಟ್ಸಾಪ್ ಗುಂಪಿನ ಮೂಲಕ ನನಗಿಂತ ಮೊದಲೇ ವಿಕ್ರೋಳಿಗೆ ತಲುಪಿತು.

ವರದಿಯ ಜೊತೆಯಲ್ಲಿಯೇ ಹೊಸ ಯಂತ್ರದ ದರಪಟ್ಟಿಯನ್ನೂ ಕಳುಹಿಸಿದ ತಮ್ಮ ಮುಂದಾಲೋಚನೆ ಅನುಕರಣೀಯ. ಯಂತ್ರದ ಬೆಲೆ ಹದಿನಾಲ್ಕು ಸಾವಿರ. ಗೋಡೆಗೆ ಕೂರಿಸುವ ದಕ್ಷಿಣೆ ಬೇರೆ. ನೀರು ಒಳಹೋಗುವ ಪೈಪಿಗೆ ಬೇರೆ, ಒಳಹೋದ ನೀರು ಹೊರಗೂ ಬರಲೆಂದು ಆಶಿಸುವ ಆಸೆಬುರುಕ ಗ್ರಾಹಕರಿಗಾಗಿ ಇನ್ನೊಂದು ಪೈಪಿಗೆ ಬೇರೆ. ಹಳೆಯದನ್ನು ಇಳಿಸಲು ನಾನು ತಮಗೆ ಕೊಡಬೇಕಾದದ್ದು, ಹಳೆಯದಕ್ಕಾಗಿ ತಾವು ನನಗೆ ಕೊಡುವುದಕ್ಕಿಂತ ಹೆಚ್ಚು. ಹೀಗೆ ಎಲ್ಲ ಕೂಡಿಸಿದರೆ ಆಗುವ ಮೊತ್ತದಲ್ಲಿ ಒಂದು ಕಾಲಕ್ಕೆ ಸ್ನಾನಗೃಹದ ಜೊತೆಗೆ ಮನೆಯೂ ಬರುತ್ತಿತ್ತೆಂದು ನನ್ನ ಯಜಮಾನರು ಶ್ರೀ ವೆಂಕಟಸುಬ್ಬಯ್ಯನವರು ಅಭಿಪ್ರಾಯಪಟ್ಟರು. ಆದರೂ “ಕೊಟ್ಟು ಬಿಡೋಣ ಕಣೇ, ಯಾಕೆ ರಗಳೆ” ಎಂದರು. ಕೊಡಬಹುದಿತ್ತು, ಮಾನ್ಯರೇ, ಪಿಂಚಣಿಯಲ್ಲಿ ಅಷ್ಟು ಇದೆ. ಆದರೆ ನಾನು ಹಣ ಕೊಟ್ಟ ಗಳಿಗೆಯಲ್ಲಿ, ನಮ್ಮ ಹಬ್ಬವೇ ನಮ್ಮ ಗೀಸರನ್ನು ಕೊಂದಿತೆಂದು ಒಪ್ಪಿಕೊಂಡಂತಾಗುತ್ತದೆ, ಅದೂ ಬೀಗರ ಎದುರಿಗೆ. ಗ್ಯಾರಂಟಿಯ ಅವಧಿಯಿನ್ನೂ ಮುಗಿಯದ ಟ್ಯಾಂಕಿಗಾಗಿ ನಾನು ಅಷ್ಟು ದೊಡ್ಡ ಬೆಲೆ ತೆರಲಾರೆ.

ಆದುದರಿಂದ ತಾವು ವರದಿಯನ್ನು ಹಿಂತೆಗೆದುಕೊಂಡು, ಯಂತ್ರವನ್ನು ಯಾವುದೇ ಶುಲ್ಕವಿಲ್ಲದೆ ಬದಲಾಯಿಸಿಕೊಡಬೇಕಾಗಿ ವಿನಂತಿ. ಇದು ಕಷ್ಟವಾದರೆ, ತಮ್ಮ ಕೈಪಿಡಿಯಲ್ಲಿ ಯಾವ ಯಾವ ದೇವರಿಗೆ, ಯಾವ ಯಾವ ಕಾಯಿಗೆ ಯಂತ್ರದ ಬಳಿ ಪ್ರವೇಶವಿದೆಯೆಂಬ ಒಂದು ಅಧ್ಯಾಯವನ್ನಾದರೂ ಸೇರಿಸಿ. ಅದೂ ಕಷ್ಟವಾದರೆ, ಪಂಚಾಂಗದವರಿಗೆ ಬರೆದು ನರಕ ಚತುರ್ದಶಿಯನ್ನು ತಮ್ಮ ಸಿಬ್ಬಂದಿಗೆ ಅನುಕೂಲವಾದ ಬೇಸಿಗೆಯ ತಿಂಗಳಿಗೆ ವರ್ಗಾಯಿಸಿ. ಆಗ ಬಿಸಿನೀರಿನ ಅಗತ್ಯವೇ ಇರುವುದಿಲ್ಲ.

ತಣ್ಣೀರಿನಲ್ಲಿಯೂ ತಾಳ್ಮೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಸುಬ್ಬಲಕ್ಷ್ಮಿ ವೆಂಕಟಸುಬ್ಬಯ್ಯ
ನಿವೃತ್ತ ಮುಖ್ಯೋಪಾಧ್ಯಾಯಿನಿ, ವಡಾಲ

ತಾ.ಕ.: ಕಳೆದ ಭಾನುವಾರ ಹೊಸ ಯಂತ್ರಕ್ಕೆ ನನ್ನ ಒಪ್ಪಿಗೆ ಪಡೆಯಲು ಸಂತು ಅವರು ಪುನಃ ಬಂದಿದ್ದರು. ಅಂದು ಮಗ ಸೊಸೆಯೊಡನೆ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ ಶುಭಾಂಗಿಬಾಯಿಯವರು ಕನ್ನಡಕ ಧರಿಸಿ, ಸ್ವತಃ ಸ್ಟೂಲ್ ಹತ್ತಿ, ಹೊದಿಕೆಯ ಸ್ಕ್ರೂಗಳ ಮೇಲೆ ಕಾರ್ಖಾನೆಯಲ್ಲಿ ಅಂಟಿಸಿದ ತಮ್ಮ ಸೀಲು ಇಂದಿಗೂ ಹರಿಯದೆ ಇರುವುದನ್ನು ಕಂಡು, “ಅಯ್ಯಾ, ಇದನ್ನು ತೆರೆದದ್ದು ಯಾವ ಬಾಗಿಲಿನಿಂದ?” ಎಂದು ಕೇಳಿದರು. ತಮ್ಮ ಆ್ಯಪಿನಲ್ಲಿ “ಬಿಚ್ಚಿ ನೋಡಿದೆ” ಎಂದು ಒತ್ತದೆ ಮನೆಗೆ ಹೋಗಲು ಬರುವುದಿಲ್ಲವೆಂದೂ, “ಪೂಜೆಯಾದ್ದರಿಂದ ಬಿಚ್ಚಲಿಲ್ಲ” ಎಂಬ ಗುಂಡಿಯೇ ಅದರಲ್ಲಿಲ್ಲವೆಂದೂ ಸಂತು ಉತ್ತರಿಸಿದರು. ಬೀಗಿತ್ತಿ ಸ್ಟೂಲಿನ ಮೇಲಿಂದಲೇ ನನ್ನ ಕೈಹಿಡಿದು, ಒಂದು ಪೈಸೆಯನ್ನೂ ಕೊಡಕೂಡದೆಂದು ಆಜ್ಞಾಪಿಸಿದರು. ಈ ಪಂಚನಾಮೆಗೆ ಹಾಜರಿದ್ದು ಸಹಿ ಮಾಡಿದ ಪಂಚರು: ವಿಕ್ರೋಳಿಯ ಶುಭಾಂಗಿಬಾಯಿ, ಅವರ ಮಗ ಪ್ರೀತಮ್, ನನ್ನ ಮಗಳು ಧಾತ್ರಿ, ಎದುರುಮನೆಯ ಕಾಶವ್ವ, ಮತ್ತು, ತಮ್ಮ ಕಂಪನಿಯ ಸಮವಸ್ತ್ರದಲ್ಲಿಯೇ, ಸಂತು.